ಹಿಟ್ಟಿನ ಕೋಳಿ, ಸೀಸದ ಮೀನು

ಕಳೆದ ಪುಷ್ಯ ಮಾಸದ ಒಂದು ಭಾನುವಾರ ನಾನೊಂದು ಕೊರವ ಮೀನು ಹಿಡಿದೆ. ಎರಡು ಕೆಜಿಗೆ ಕಡಿಮೆಯಿರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಕೆರೆ ದಡ ಸೇರಿದ್ದರೂ ಅದು ಸಿಕ್ಕಿದ್ದು ಹನ್ನೊಂದೂವರೆಗೆ, ಮಂಜು ಪೂರ್ತಿ ಕರಗಿ ಜೊಂಡಿನ ಬುಡಕ್ಕೆ ಬಿಸಿಲು ಬಿದ್ದ ಮೇಲೆ. ಅದರ ತುಟಿಯಿಂದ ಕೊಕ್ಕೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ನೀರಿಗೆ ಬಾಗಿದ್ದೆ. ಆಗ ಏರಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಒಬ್ಬರು ಸರಸರ ಇಳಿದು ಬಂದರು. ನಮ್ಮ ಕಡೆಯ ಸಾಲು ಮನೆಗಳಲ್ಲಿ ಬಾಡಿಗೆಗಿದ್ದು ಕಾರ್ಖಾನೆಗೆ ಹೋಗುವ ಒಡಿಶಾದವರು. ನಾಲ್ಕು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಕೇಳಿದರು: "ಅಣ್ಣಾ, ಬಿಡ್ತಾ ಇದ್ದೀರಾ? ನಂಗೆ ಕೊಡಿ."

"ಈ ಕೆರೆ ಮೀನು ತಿನ್ನಬಾರದು. ಕೆಮಿಕಲ್ ನೀರು ಸೇರುತ್ತೆ" ಅಂದೆ.

"ನಾವು ತಿಂತೀವಿ" ಅಂದರು ಅವರು. ಹೆಮ್ಮೆಯೂ ಇಲ್ಲದ, ದೂರೂ ಇಲ್ಲದ ದನಿ.

ಅಷ್ಟರಲ್ಲಿ ನನ್ನ ಬೆರಳು ಸಡಿಲವಾಗಿತ್ತು. ಬೇಕೆಂದೇ ಬಿಟ್ಟೆನೋ ಜಾರಿತೋ, ಈಗಲೂ ಖಚಿತವಾಗಿ ಹೇಳಲಾರೆ. ಮೀನು ಒಂದು ಕ್ಷಣ ಮಂಕಾಗಿ ನಿಂತು, ಬಾಲ ಬೀಸಿ ಕೆಸರು ಕದಡಿ ಹೋಯಿತು. ಅವರು ಆ ಕೆಸರನ್ನೇ ನೋಡುತ್ತ ಕೇಳಿದರು: "ನೀವು ತಿನ್ನಲ್ಲ. ತಿನ್ನೋರಿಗೂ ಕೊಡಲ್ಲ. ಮತ್ತೆ ಹಿಡಿದಿದ್ದು ಯಾಕೆ?"

ಆ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಅಹಿಂಸೆಯ ಕುರಿತ ಹಳಗನ್ನಡ ಕಾವ್ಯಗಳ ಮೇಲೆ ನಾಲ್ಕನೇ ವರ್ಷ ಸಂಶೋಧನೆ ಮಾಡುತ್ತಿರುವವನಿಗೆ ಇದು ನಾಚಿಕೆಯ ಸಂಗತಿ. ಈ ಬರಹ ಆ ಉತ್ತರದ ಹುಡುಕಾಟ.

*

ಬಾಶೆಟ್ಟಿಹಳ್ಳಿ ದೊಡ್ಡಬಳ್ಳಾಪುರದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಕಾಣುವುದು ಕಾರ್ಖಾನೆಗಳ ಕಾಂಪೌಂಡು, ಲಾರಿಗಳ ಸಾಲು, ಪಾಳಿ ಮುಗಿಸಿ ಹೊರಬರುವ ಜನ. ಕೆರೆಗಳು ಕಾಣುವುದಿಲ್ಲ. ಆದರೆ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಮೇಲ್ದಂಡೆ ಇದೇ. ಒಂದು ಕೆರೆ ಕೋಡಿ ಬಿದ್ದರೆ ಇನ್ನೊಂದು ತುಂಬುತ್ತ, ನೀರು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರಬೇಕು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಸಲ ಕೊಳಾಯಿ ನೀರು ಹೋದದ್ದು ಈ ನದಿಯ ಹೆಸರಘಟ್ಟದಿಂದ. ಈಗ ದೊಡ್ಡತುಮಕೂರು, ಮಜರಾಹೊಸಹಳ್ಳಿ ಭಾಗದ ಜನ ಕೈಗಾರಿಕೆಗಳ ತ್ಯಾಜ್ಯವೂ ಊರಿನ ಒಳಚರಂಡಿ ನೀರೂ ತಮ್ಮ ಕೆರೆಗಳಿಗೆ ಬರುತ್ತಿದೆ ಎಂದು ವರ್ಷಗಳಿಂದ ಬೀದಿಗಿಳಿದು ಕೇಳುತ್ತಿದ್ದಾರೆ. ನಾನು ಗಾಳ ಹಾಕುವ ಕೆರೆಯ ಹೆಸರು ಬೇಡ. ಅದರ ಕತೆಯೂ ಬೇರೆಯಲ್ಲ.

ನಾವು ಬೆಸ್ತರು. ತಾತ ಈ ಸುತ್ತಿನ ಕೆರೆಗಳಲ್ಲಿ ಬಲೆ ಬೀಸಿದವರು. ಮೀನು ಪಾಶುವಾರು ಹರಾಜು ಹಿಡಿದವರ ಕೈಕೆಳಗೆ ಕೆಲವು ವರ್ಷ ಕೂಲಿಗೆ, ಕೆಲವು ವರ್ಷ ಪಾಲಿಗೆ. ಅವರ ಮಗ, ಅಂದರೆ ನನ್ನ ಸೋದರಮಾವ, ಹಗಲು ದೊಡ್ಡಬಳ್ಳಾಪುರದ ಪವರ್‌ಲೂಮ್‌ನಲ್ಲಿ ದುಡಿದು, ರಜೆಯ ದಿನ ಕೆರೆಗೆ ಬರುತ್ತಿದ್ದರು. ಮೀನಿನ ಸಾರಿನಲ್ಲಿ ಸೀಮೆಎಣ್ಣೆಯಂಥ ವಾಸನೆ ಬಂದ ವರ್ಷ ಅವರು ಬಲೆಯನ್ನು ಅಟ್ಟಕ್ಕೆ ಹಾಕಿದರು. ಮತ್ತೆ ಇಳಿಸಲಿಲ್ಲ. ಆದರೆ ಹರಿಗೋಲನ್ನು ಬಿಡಲಿಲ್ಲ. ಪ್ರತಿ ಮಾಗಿಯಲ್ಲೂ ಅದನ್ನು ದಡಕ್ಕೆಳೆದು, ಬೋರಲು ಹಾಕಿ, ರಿಪೇರಿ ಮಾಡುತ್ತಾರೆ. ನಾನು ಮೀನು ಬಿಟ್ಟ ದಿನವೂ ಅವರು ಇಪ್ಪತ್ತು ಮಾರು ದೂರದಲ್ಲಿ ಅದೇ ಕೆಲಸದಲ್ಲಿದ್ದರು.

*

ಗಾಳದ ಹುಚ್ಚು ನನಗೆ ಹತ್ತಿದ್ದು ತಾತನಿಂದಲ್ಲ. ಅವರದು ಬಲೆ. ಮೊದಲು ತೇಜಸ್ವಿಯವರ ಮೀನು ಶಿಕಾರಿಯ ಹುಚ್ಚಿನ ಬಗ್ಗೆ ಓದಿ, ಆಮೇಲೆ ಅಮೆರಿಕದ ಚಳಿಗಾಲದ ಕೆರೆಗಳಲ್ಲಿ ಬಾಸ್ ಎಂಬ ಮೀನು ಹಿಡಿಯುವವರ ವಿಡಿಯೊ ನೋಡಿ. ಅವರು ಜಿಗ್ ಅನ್ನುವುದು ಒಂದು ಕೊಕ್ಕೆಯನ್ನು. ಅದರ ಕತ್ತಿಗೆ ಸೀಸದ ಗುಂಡು ಎರಕ ಹೊಯ್ದಿರುತ್ತಾರೆ, ಗುಂಡಿನ ಹಿಂದೆ ದಾರದ ಕುಚ್ಚು ಕಟ್ಟಿರುತ್ತಾರೆ. ನೀರಲ್ಲಿ ಆ ಕುಚ್ಚು ಬಿಚ್ಚಿಕೊಂಡಾಗ ಸಿಗಡಿಯೋ ಮರಿಮೀನೋ ಅನ್ನಿಸಬೇಕು.

ಚಳಿಗಾಲದಲ್ಲಿ ಈ ಕೆಲಸ ಕಷ್ಟ, ಅದಕ್ಕೇ ರುಚಿ. ಮೀನಿನ ಮೈಗೆ ಸ್ವಂತ ಬಿಸಿಯಿಲ್ಲ. ನೀರು ತಣ್ಣಗಾದಷ್ಟೂ ಅದೂ ತಣ್ಣಗಾಗುತ್ತದೆ. ಹಸಿವು ತಗ್ಗುತ್ತದೆ, ಬೆನ್ನಟ್ಟುವ ಉಮೇದಿರುವುದಿಲ್ಲ. ಮಳೆಗಾಲದಲ್ಲಿ ಕಪ್ಪೆಯ ಹಿಂದೆ ನೀರು ಸೀಳಿ ನುಗ್ಗುವ ಕೊರವ, ಮಾಗಿಯಲ್ಲಿ ಜೊಂಡಿನ ಬುಡದಲ್ಲಿ ಕಟ್ಟಿಗೆಯ ಹಾಗೆ ಬಿದ್ದಿರುತ್ತದೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ ಅಷ್ಟೆ. ಕಿವಿರಿನ ಜೊತೆಗೆ ನೇರ ಗಾಳಿ ಉಸಿರಾಡುವ ಅಂಗವೂ ಅದಕ್ಕಿರುವುದರಿಂದ, ಬೇರೆ ಮೀನು ಸಾಯುವ ಕೊಳೆನೀರಿನಲ್ಲೂ ಅದು ಬದುಕುತ್ತದೆ. ಆ ಗಾಳಿಗುಳ್ಳೆ ಕಂಡ ಕಡೆ ಜಿಗ್ ಎಸೆಯಬೇಕು, ಅದರ ಮೂತಿಯೆದುರು ಎಲೆ ಉದುರಿದಷ್ಟು ನಿಧಾನಕ್ಕೆ ಇಳಿಸಬೇಕು. ಸೀಸ ಹೆಚ್ಚಾದರೆ ಕಲ್ಲಿನ ಹಾಗೆ ಬೀಳುತ್ತದೆ. ಕುಚ್ಚು ದಪ್ಪವಾದರೆ ತೇಲಾಡುತ್ತದೆ.

ಅಂಗಡಿಯ ಜಿಗ್ ದುಬಾರಿ, ಅದಕ್ಕೇ ನಾನೇ ಮಾಡಲು ಕೂತೆ. ಪಂಕ್ಚರ್ ಅಂಗಡಿಯಿಂದ ಚಕ್ರದ ತೂಕ ಸರಿಮಾಡುವ ಹಳೆಯ ಸೀಸದ ತುಂಡು ತಂದೆ. ಸೀಸ 327 ಡಿಗ್ರಿಗೆಲ್ಲ ಕರಗುವುದರಿಂದ ಸೌದೆ ಒಲೆ ಸಾಕು. ಪ್ಲಾಸ್ಟರ್ ಅಚ್ಚಿನಲ್ಲಿ ಹನಿ ತೇವ ಉಳಿದಿದ್ದರೂ ಕಾದ ಸೀಸ ಸಿಡಿಯುತ್ತದೆ. ನನ್ನ ಎಡ ಮಣಿಕಟ್ಟಿನ ಕಲೆ ಹಾಗೆ ಆದದ್ದು. ಕುಚ್ಚಿಗೆ ಮಾವ ಮಗ್ಗದ ವೇಸ್ಟ್ ನೂಲು ತಂದುಕೊಟ್ಟರು: ಆರ್ಟ್ ಸಿಲ್ಕು, ಜರಿಯ ಚೂರು. ಹಸಿರು, ಕಂದು, ನಡುವೆ ಎರಡೇ ಎಳೆ ಜರಿ. ಬಕೆಟ್ ನೀರಿನಲ್ಲಿ ಇಳಿಬಿಟ್ಟು ನೋಡುವುದು, ಒಂದೆಳೆ ತೆಗೆಯುವುದು, ಮತ್ತೆ ಇಳಿಬಿಡುವುದು. ಹೀಗೆ ಎಷ್ಟೋ ರಾತ್ರಿ ಕಳೆದೆ. ಕೊನೆಗೊಂದು ರಾತ್ರಿ ಅದು ಬಕೆಟ್ಟಿನ ತಳಕ್ಕೆ ಕೂತಾಗ ಕುಚ್ಚು ಉಸಿರಾಡಿದ ಹಾಗೆ ಒಮ್ಮೆ ಅರಳಿ ಮುದುಡಿತು. ಒಂದು ಅಧ್ಯಾಯ ಬರೆದು ಮುಗಿಸಿದಾಗಲೂ ನನಗೆ ಅಂಥ ಖುಷಿ ಆಗಿರಲಿಲ್ಲ.

*

ಅದೇ ತಿಂಗಳುಗಳಲ್ಲಿ ನಾನು ಬರೆಯುತ್ತಿದ್ದ ಅಧ್ಯಾಯ ಜನ್ನನ 'ಯಶೋಧರ ಚರಿತೆ'ಯದು. 1209ರ ಈ ಕಾವ್ಯದ ಕತೆ ಹಲವರಿಗೆ ಗೊತ್ತು. ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕದಿಂದ ಇನ್ನೂ ಹಲವರಿಗೆ. ಯಶೋಧರ ರಾಜನ ತಾಯಿ ಚಂಡಮಾರಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಕೊಲ್ಲಲು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎಂಬಲ್ಲಿಗೆ ರಾಜಿಯಾಗುತ್ತದೆ. ಕೋಳಿಯನ್ನು ಎಷ್ಟು ಚೆನ್ನಾಗಿ ಮಾಡಿರುತ್ತಾರೆಂದರೆ, ಕತ್ತಿ ಬಿದ್ದಾಗ ಅದು ಕೂಗಿಕೊಳ್ಳುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೊಲೆಯಾಗುತ್ತ ಹೋಗುತ್ತಾರೆ. ಯಶೋಧರ ಒಂದು ಜನ್ಮದಲ್ಲಿ ಮೀನು.

ಒಂದು ಹನಿ ರಕ್ತ ಬೀಳದ ಬಲಿಗೆ ಇಷ್ಟು ಶಿಕ್ಷೆ ಏಕೆ? ಜೈನ ಚಿಂತನೆಯ ಉತ್ತರ ಸ್ಪಷ್ಟ. ಹಿಂಸೆ ಮೊದಲು ಮನಸ್ಸಿನಲ್ಲಿ ನಡೆಯುತ್ತದೆ. ಗೃಹಸ್ಥನ ಹಿಂಸೆಯನ್ನು ಅವರು ನಾಲ್ಕಾಗಿ ವಿಂಗಡಿಸುತ್ತಾರೆ: ಅಡುಗೆ ಮನೆವಾರ್ತೆಯಲ್ಲಿ ಆಗುವುದು, ಕಸುಬಿನಲ್ಲಿ ಆಗುವುದು, ಆತ್ಮರಕ್ಷಣೆಗೆ ಮಾಡುವುದು, ಬೇಕೆಂದೇ ಸಂಕಲ್ಪಿಸಿ ಮಾಡುವುದು. ಮೊದಲ ಮೂರನ್ನು ಕಡಿಮೆ ಮಾಡಿಕೊಳ್ಳಬೇಕು, ನಾಲ್ಕನೆಯದನ್ನು ಪೂರ್ತಿ ಬಿಡಬೇಕು. ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಆದರೆ ಸಂಕಲ್ಪವಿತ್ತು.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. ತಕರಾರು ಶುರುವಾದದ್ದು ಇದೇ ಯಶೋಧರನ ಕತೆಯನ್ನು ಸಂಸ್ಕೃತದಲ್ಲಿ ಹೇಳಿದ ಸೋಮದೇವಸೂರಿಯ 'ಯಶಸ್ತಿಲಕ'ದಲ್ಲಿ. ಪಂಪನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯರ ಸೀಮೆಯಲ್ಲಿ, 959ರಲ್ಲಿ ಮುಗಿದ ಗ್ರಂಥ ಅದು. ಸಂಕಲ್ಪವೇ ಮುಖ್ಯ ಎಂದು ತೋರಿಸಲು ಸೋಮದೇವ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾನೆ, ರೈತ ಮತ್ತು ಬೆಸ್ತ. ರೈತ ಉಳುವಾಗ ಎಷ್ಟೋ ಹುಳ ಸಾಯುತ್ತವೆ. ಆದರೆ ಕೊಲ್ಲುವುದು ಅವನ ಉದ್ದೇಶವಲ್ಲ, ಅವನಿಗೆ ಪಾಪವಿಲ್ಲ. ಬೆಸ್ತನ ಬಲೆಗೆ ಒಂದು ಮೀನೂ ಬೀಳದೆ ಹೋದರೂ ಅವನು ಪಾಪಿಯೇ. ದಿನವಿಡೀ ಮನಸ್ಸಿನಲ್ಲಿ ಇದ್ದದ್ದು ಕೊಲ್ಲುವ ಯೋಚನೆ.

ಇದನ್ನು ಗ್ರಂಥಾಲಯದಲ್ಲಿ ಓದುವಾಗ ನನಗೆ ನೆನಪಾದದ್ದು ತಾತ. ಖಾಲಿ ಬಲೆ ಹೆಗಲಿಗೆ ಹಾಕಿಕೊಂಡು, ಚಳಿಗೆ ತುಟಿ ಒಡೆದು, ಸಂಜೆ ಮನೆಗೆ ಬಂದು ಅಜ್ಜಿಯ ಮುಖ ನೋಡದೆ ಜಗಲಿಯಲ್ಲಿ ಕೂರುತ್ತಿದ್ದ ತಾತ. ಆ ಶ್ಲೋಕದ ಪ್ರಕಾರ ಅವತ್ತು ಅವರಿಗೆ ಸಾರೂ ಇಲ್ಲ, ಪುಣ್ಯವೂ ಇಲ್ಲ. ತಾತನ ಮನಸ್ಸಿನಲ್ಲಿ ಇದ್ದದ್ದು ಕೊಲ್ಲುವ ಯೋಚನೆಯೋ ಮಕ್ಕಳ ಊಟದ ಯೋಚನೆಯೋ? ರೈತನಿಗೆ ಉದ್ದೇಶ ಬೆಳೆ, ಹುಳದ ಸಾವು ಅದರ ಜೊತೆಗೆ ಬಂದದ್ದು ಎನ್ನುವುದಾದರೆ, ಬೆಸ್ತನಿಗೂ ಉದ್ದೇಶ ಊಟ ಎನ್ನಬಾರದೇ? ಬೆಸ್ತನ ಊಟ ಮೀನಿನ ಸಾವಿನಿಂದಲೇ ಆಗುವಂಥದ್ದು, ರೈತನ ಬೆಳೆಗೆ ಹುಳ ಸಾಯಲೇಬೇಕೆಂದಿಲ್ಲ ಎಂದು ಸೋಮದೇವ ಹೇಳಬಹುದು. ಆ ವ್ಯತ್ಯಾಸ ನಿಜ. ಆದರೆ ಕೀಟನಾಶಕದ ಕಾಲದಲ್ಲಿ ಅದೂ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಬರುವ ಬೆಸ್ತ ನನಗೆ ಹೆಚ್ಚು ಹತ್ತಿರದವನು. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿ ಕಾವಲಿನವರ ಕೈಗೆ ಬಿದ್ದವನು. ಅವನ ಕಸುಬನ್ನು ಅವರು ಗೇಲಿ ಮಾಡಿದಾಗ ಸುಮ್ಮನಿರುವುದಿಲ್ಲ. ಹುಟ್ಟಿನಿಂದ ಬಂದ ಕೆಲಸವನ್ನು ಬಿಡಲಾಗದು, ಯಜ್ಞದಲ್ಲಿ ಪಶು ಕೊಲ್ಲುವ ಶ್ರೋತ್ರಿಯನೂ ಮನಸ್ಸಿನಲ್ಲಿ ಮೃದುವೇ ಅಲ್ಲವೇ ಎನ್ನುತ್ತಾನೆ. ಹುಟ್ಟಿನಿಂದಲೇ ಕಸುಬು ಬರಬೇಕೆಂಬ ಅವನ ಮಾತನ್ನು ನಾನು ಒಪ್ಪಲಾರೆ. ಆ ವಾದಕ್ಕೆ ನಮ್ಮ ಜನ ಕೊಟ್ಟ ಬೆಲೆ ದೊಡ್ಡದು. ಕೈಗೆ ರಕ್ತ ಅಂಟಿದವನ ಮನಸ್ಸು ಕ್ರೂರವೇ ಇರಬೇಕಿಲ್ಲ ಎಂಬ ಮಾತು ಮಾತ್ರ ನನಗೆ ಬೇಕು.

ತಾತನ ಪರವಾಗಿ ಇಷ್ಟು ವಾದ ಮಾಡಬಲ್ಲೆ. ಆದರೆ ಅದರಲ್ಲಿ ಯಾವುದೂ ನನಗೆ ಅನ್ವಯಿಸುವುದಿಲ್ಲ. ನನಗೆ ಫೆಲೋಶಿಪ್ ಬರುತ್ತದೆ. ನನ್ನ ಜಿಗ್ಗಿನ ತುದಿಯಲ್ಲಿ ಯಾರ ಊಟವೂ ಇರಲಿಲ್ಲ.

*

ಹಿಡಿದು ಬಿಡುವವರು ಕೊಡುವ ಸಮಾಧಾನ ಇದು: ಕೊಲ್ಲುವುದಿಲ್ಲವಲ್ಲ! ನಾನೂ ಅದನ್ನೇ ನಂಬಿಕೊಂಡಿದ್ದೆ. ಜನ್ನನ ಪಕ್ಕಕ್ಕಿಟ್ಟು ನೋಡಿದರೆ ಇದು ಹಿಟ್ಟಿನ ಕೋಳಿಯ ಕತೆಯೇ, ತಿರುಗುಮುರುಗಾಗಿ. ಯಶೋಧರನ ಮುಂದೆ ಸಂಕಲ್ಪವಿತ್ತು, ಜೀವವಿರಲಿಲ್ಲ. ನನ್ನ ಮುಂದೆ ಜೀವವಿತ್ತು, ಕೊಲ್ಲುವ ಸಂಕಲ್ಪವಿರಲಿಲ್ಲ. ಅವನು ನಕಲಿ ಬಲಿ ಮಾಡಿದ, ನಾನು ನಕಲಿ ಆಹಾರ ಮಾಡಿದೆ. ಆದರೆ ನನ್ನದರೊಳಗಿನ ಕೊಕ್ಕೆ ನಕಲಿಯಲ್ಲ.

ಆ ಕೊಕ್ಕೆ ಮೀನಿಗೆ ಏನು ಮಾಡುತ್ತದೆ? 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ಟ್ರೌಟ್ ಮೀನುಗಳ ತುಟಿಗೆ ಜೇನುವಿಷ, ಆಮ್ಲ ಚುಚ್ಚಿ ನೋಡಿದರು. ಆ ಮೀನುಗಳು ತಳಕ್ಕಿಳಿದು ಅತ್ತಿತ್ತ ತೂಗಾಡಿದವು. ಆಮ್ಲ ತಾಗಿದವು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಇದು ಅನುಭವಿಸುವ ನೋವಲ್ಲ, ಮೀನಿನ ಮಿದುಳಿಗೆ ಆ ಭಾಗವೇ ಇಲ್ಲ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ವಾದ ಮುಗಿದಿಲ್ಲ. ಆದರೆ ಸಂದೇಹದ ಲಾಭ ಯಾರಿಗೆ ಸಲ್ಲಬೇಕು? ಸ್ವಿಟ್ಜರ್ಲೆಂಡ್ ತನ್ನ 2008ರ ಪ್ರಾಣಿ ರಕ್ಷಣೆಯ ನಿಯಮಗಳಲ್ಲಿ, ವಾಪಸ್ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ನಿಷೇಧಿಸಿತು. ಅಲ್ಲಿ ತಿನ್ನಲು ಮೀನು ಹಿಡಿಯಬಹುದು, ಆಟಕ್ಕೆ ಹಿಡಿಯುವಂತಿಲ್ಲ. ಕರುಣೆ ಎಂದು ನಾವು ಬೆನ್ನು ತಟ್ಟಿಕೊಳ್ಳುವುದು ಅಲ್ಲಿ ಅಪರಾಧ. ಆ ಕಾನೂನು ಓದಿದಾಗ ಏರಿಯಿಂದ ಇಳಿದು ಬಂದವರ ದನಿ ಕೇಳಿಸಿತು. ಅವರೂ ಕೇಳಿದ್ದು ಇದನ್ನೇ.

ಹಾಗಾದರೆ ಹಿಡಿದು ಬಿಡುವುದೆಲ್ಲ ಆಟವೇ? ನಮ್ಮ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಿಂದ ಸ್ವಲ್ಪ ಮೇಲೆ ಗಾಲಿಬೋರೆ, ಅದರ ಮೇಲೆ ಭೀಮೇಶ್ವರಿ. ದಶಕಗಳ ಕಾಲ ಅಲ್ಲಿ ದೊಡ್ಡ ಮಶೀರ್ ಮೀನನ್ನು ಗಾಳಕ್ಕೆ ಹಿಡಿದು, ತೂಕ ನೋಡಿ, ಬಿಡುತ್ತಿದ್ದರು. ಮೊದಲು ಡೈನಮೈಟ್ ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಅಲ್ಲಿ ಕಾವಲುಗಾರರಾದರು, ಗಾಳದವರ ಜೊತೆಗಾರರಾದರು. ಅಭಯಾರಣ್ಯದ ಕಾನೂನಿನ ಕಾರಣಕ್ಕೆ 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಕಾವೇರಿಯ ಗೂನುಬೆನ್ನಿನ ಮಶೀರ್ ಕುಸಿಯುತ್ತಿದೆ ಎಂದು ಸಂಶೋಧಕರು ಲೆಕ್ಕ ಹಾಕಲು ಗಾಳದವರು ಬರೆದಿಟ್ಟ ದಾಖಲೆಗಳೇ ನೆರವಾದವು. 2018ರಲ್ಲಿ ಆ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅಲ್ಲಿ ಮೀನಿಗೆ ನೋವಾಗಲಿಲ್ಲ ಎನ್ನುವಂತಿಲ್ಲ. ಆದರೆ ಬಿಟ್ಟವರು ರಾತ್ರಿ ನದಿ ಕಾದರು, ಲೆಕ್ಕ ಇಟ್ಟರು. ಅವರ ಬಿಡುವಿಕೆಗೆ ಒಂದು ಮುಂದುವರಿಕೆ ಇತ್ತು. ನನ್ನದಕ್ಕೆ ಏನಿತ್ತು?

*

ಉತ್ತರ ಮತ್ತೆ ಸೋಮದೇವನಲ್ಲೇ ಸಿಕ್ಕಿತು. ಬೆಸ್ತನನ್ನು ಪಾಪಿ ಎಂದವನೇ ಅದೇ ಗ್ರಂಥದಲ್ಲಿ ಒಬ್ಬ ಬೆಸ್ತನ ಕತೆ ಹೇಳುತ್ತಾನೆ. ಅವಂತಿಯ ಮೃಗಸೇನ. ಬಲೆ ಹೊತ್ತು ಹೊರಟವನಿಗೆ ದಾರಿಯಲ್ಲಿ ಮುನಿಯೊಬ್ಬರು ಸಿಕ್ಕು ಒಂದು ಸಣ್ಣ ವ್ರತ ಕೊಡುತ್ತಾರೆ: ಇವತ್ತು ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲಬೇಡ. ಅವನು ಮೊದಲ ಮೀನಿಗೆ ಬಟ್ಟೆಯ ಚೂರು ಗುರುತು ಕಟ್ಟಿ ಬಿಡುತ್ತಾನೆ. ಮತ್ತೆ ಬಲೆ ಬೀಸಿದರೆ ಅದೇ ಮೀನು. ಮತ್ತೆ ಬಿಡುತ್ತಾನೆ. ಹೀಗೆ ಐದು ಸಲ. ಸಂಜೆ ಬರಿಗೈಯಲ್ಲಿ ಹೋದಾಗ ಹೆಂಡತಿ ಬಾಗಿಲು ತೆರೆಯುವುದಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸಾಯುತ್ತಾನೆ. ಮುಂದಿನ ಜನ್ಮದಲ್ಲಿ ಅವನನ್ನು ಕೊಲ್ಲುವ ಐದು ಸಂಚುಗಳಿಂದ ಪಾರಾಗುತ್ತಾನೆ.

ಸಾವಿರ ವರ್ಷದ ಹಿಂದೆ ನಮ್ಮ ದಖನ್ನಿನಲ್ಲಿ ಬರೆದಿಟ್ಟ, ಹಿಡಿದು ಬಿಡುವ ಕತೆ ಇದು. ಐದು ಸಂಚಿನ ಫಲಶ್ರುತಿ ಕತೆಗಾರನ ಲೆಕ್ಕ, ಅದನ್ನು ಬಿಟ್ಟುಬಿಡೋಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಚ್ಚಿದ ಬಾಗಿಲು. ಮೃಗಸೇನನಿಗೆ ಆ ಮೀನು ಬೇಕಿತ್ತು. ಐದು ಸಲವೂ ಬೇಕಿತ್ತು. ಬೇಕಾದದ್ದನ್ನು ಬಿಟ್ಟ, ಅದರ ಬೆಲೆಯನ್ನು ತಾನೇ ತೆತ್ತ. ನಾನು ಬಿಟ್ಟದ್ದು ನನಗೆ ಬೇಡವಾದ ಮೀನನ್ನು. ಅದು ಬೇಕಾಗಿದ್ದವರು ಪಕ್ಕದಲ್ಲಿ ನಿಂತಿದ್ದರು. ಬಿಟ್ಟವನು ನಾನು, ಕಳೆದುಕೊಂಡವರು ಅವರು.

ಬಿಡುವುದಕ್ಕೆ ತೂಕ ಬರುವುದು ಬಿಡುವವನು ಏನನ್ನಾದರೂ ಕಳೆದುಕೊಂಡಾಗ ಮಾತ್ರ ಎಂದು ಈಗ ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಬಿಡು ಎಂಬ ಒಂದೇ ಮಾತು ಎಷ್ಟೊಂದು ಕೆಲಸ ಮಾಡುತ್ತದೆ. ಚಟ ಬಿಡುತ್ತೇವೆ, ಊರು ಬಿಡುತ್ತೇವೆ, ಮೀನು ಬಿಡುತ್ತೇವೆ, ಕೆರೆಗೆ ಕೊಳಚೆ ನೀರನ್ನೂ ಬಿಡುತ್ತೇವೆ. ಕೊನೆಯದರಲ್ಲಿ ಬಿಡುವವರ ಕೈ ಹಗುರಾಗುತ್ತದೆ, ಬೆಲೆ ತೆರುವವರು ಬೇರೆ ಕಡೆ ಇರುತ್ತಾರೆ. ನಾನು ಮೀನು ಬಿಟ್ಟದ್ದು ಯಾವ ಜಾತಿಯ ಬಿಡುವಿಕೆ ಎಂದು ಕೇಳಿಕೊಂಡರೆ, ಮೃಗಸೇನನದಕ್ಕಿಂತ ಇದಕ್ಕೇ ಹತ್ತಿರ.

ಹಾಗಿದ್ದರೆ ಕೊಟ್ಟಿದ್ದರೆ ಸರಿಯಾಗುತ್ತಿತ್ತೇ? ಇಲ್ಲ. ನಾನು ತಿನ್ನಲಾರದ್ದನ್ನು ಇನ್ನೊಬ್ಬರ ಮಕ್ಕಳ ತಟ್ಟೆಗೆ ಹಾಕುವುದು ದಾನವಾಗುವುದಿಲ್ಲ. ಅವರು ಹೇಗೂ ಆ ಕೆರೆಯಿಂದಲೇ ತಿನ್ನುತ್ತಿದ್ದಾರಲ್ಲ ಎಂಬುದು ನನ್ನನ್ನು ಪಾರುಮಾಡುವುದಿಲ್ಲ. ಅವರು ತಿನ್ನಬೇಕಾಗಿ ಬಂದ ಸ್ಥಿತಿಗೆ ನಾನು ಇನ್ನೊಂದು ಮೀನು ಸೇರಿಸಿದಂತಾಗುತ್ತದೆ ಅಷ್ಟೆ. ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು ಎನ್ನುವ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. ಅಲ್ಲಿಗೆ ನನ್ನನ್ನು ಯಾರೂ ತಳ್ಳಿರಲಿಲ್ಲ. ಎಸೆಯುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಹಿಡಿದ ಮೇಲೆ ಇನ್ನೊಬ್ಬರು ಕೇಳಬೇಕಾಯಿತು.

ಇನ್ನೊಂದು ಲೆಕ್ಕವೂ ಇದೆ. ಆ ಚಳಿಗಾಲದಲ್ಲಿ ಜೊಂಡಿಗೆ, ಮುಳುಗಿದ ಜಾಲಿಗೆ ಸಿಕ್ಕಿ ದಾರ ಹರಿದು ನನ್ನ ಹದಿನಾಲ್ಕು ಜಿಗ್‌ಗಳು ಕೆರೆಯಲ್ಲಿ ಉಳಿದವು. ಅಷ್ಟೂ ಸೀಸ. ಬ್ರಿಟನ್ನಿನಲ್ಲಿ ಹಂಸಗಳು ಸೀಸದ ಗುಂಡು ನುಂಗಿ ಸಾಯುತ್ತವೆಂದು 1987ರಲ್ಲೇ 28.35 ಗ್ರಾಂವರೆಗಿನ ಬಹುಪಾಲು ಸೀಸದ ತೂಕಗಳನ್ನು ಗಾಳಕ್ಕೆ ಬಳಸುವುದನ್ನು ನಿಲ್ಲಿಸಿದರು. ನಮ್ಮ ಕೆರೆಗೂ ಬಾತುಗಳು, ಗುಳುಮುಳುಕಗಳು ಬರುತ್ತವೆ. ಕೆರೆಗೆ ವಿಷ ಸೇರಿಸುವವರ ಬಗ್ಗೆ ಮಾತಾಡುವಾಗ ಇನ್ನು ಮೇಲೆ ನನ್ನನ್ನೂ ಸೇರಿಸಿಕೊಂಡೇ ಮಾತಾಡಬೇಕು.

*

ಮತ್ತೆ ಹಿಡಿದಿದ್ದು ಯಾಕೆ? ನಿಜ ಹೇಳುವುದಾದರೆ, ನಾನು ಮಾಡಿದ್ದಕ್ಕೆ ಜೀವ ಬಂದಿದೆಯೋ ಇಲ್ಲವೋ ನೋಡಬೇಕಿತ್ತು. ಬಕೆಟ್ಟಿನಲ್ಲಿ ಅರಳಿದ ಕುಚ್ಚನ್ನು ಒಂದು ಮೀನು ನಂಬಬೇಕಿತ್ತು. ಆ ಹಿಟ್ಟಿನ ಕೋಳಿಯನ್ನು ಮಾಡಿದವನ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ನನ್ನ ಕೋಳಿ ಕೂಗುವುದನ್ನು ಕೇಳುವ ಆಸೆ ಮಾತ್ರ ನನಗೆ ಇತ್ತು. ಅದರಲ್ಲಿ ಹಸಿವಿಲ್ಲ, ದ್ವೇಷವಿಲ್ಲ, ಕೊಲ್ಲುವ ಇಚ್ಛೆಯೂ ಇಲ್ಲ. ಕೈಚಳಕದ ಹೆಮ್ಮೆ ಇದೆ. ಅದಕ್ಕೆ ಒಂದು ಜೀವದ ತುಟಿ ಸೀಳಬೇಕೇ ಎಂಬ ಪ್ರಶ್ನೆಗೆ ನನ್ನಲ್ಲಿ ಹೌದು ಎನ್ನುವ ಧೈರ್ಯವಿಲ್ಲ.

ಮಾವ ಈ ಯಾವುದನ್ನೂ ಓದಿದವರಲ್ಲ. ಬಲೆ ಅಟ್ಟಕ್ಕೇರಿದ್ದೇಕೆ ಎಂದು ಒಮ್ಮೆ ಕೇಳಿದ್ದೆ. "ತಿನ್ನೋಕಾಗ್ದಿದ್ದನ್ನ ಹಿಡೀಬಾರ್ದು ಕಣಪ್ಪ. ಮಾರಿದ್ರೆ ಇನ್ನೊಬ್ರು ತಿಂತಾರೆ" ಅಂದರು. ಬಲೆ ಬೀಸುವುದು ಅವರಿಗೆ ಎಷ್ಟು ಇಷ್ಟವಿತ್ತೆಂದು ನನಗೆ ಗೊತ್ತು. ಮಗ್ಗದ ಶಬ್ದ ಕಿವಿಯಿಂದ ಇಳಿಯುವುದು ನೀರಿನ ಮೇಲೆ ಮಾತ್ರ ಎನ್ನುತ್ತಿದ್ದರು. ಮೃಗಸೇನನ ಮನೆಯ ಬಾಗಿಲಿನಂಥದ್ದೇ ಏನೋ ಅವರ ಪಾಲಿಗೂ ಮುಚ್ಚಿತ್ತು, ಆದರೆ ಅದಕ್ಕೆ ಅವರು ಯಾವ ಹೆಸರೂ ಇಟ್ಟಿಲ್ಲ.

ಹರಿಗೋಲಿನ ಕೆಲಸ ಮಾತ್ರ ನಿಂತಿಲ್ಲ. ಬೋರಲು ಹಾಕಿ ವಾರ ಒಣಗಿಸಬೇಕು. ಹುಳ ಹಿಡಿದ ಬಿದಿರು ದಬ್ಬೆಗಳನ್ನು ಬಿಚ್ಚಿ ಹೊಸದನ್ನು ನೇಯಬೇಕು. ಹೊದಿಕೆಯ ಟಾರ್ಪಾಲು ಹರಿದ ಕಡೆ ತೇಪೆ, ಅದರ ಮೇಲೆ ಡಾಂಬರು. ಮಾಗಿಯಲ್ಲಿ ಡಾಂಬರು ಬೇಗ ಸೆಟೆಯುವುದರಿಂದ ಬಿಸಿಲು ಏರಿದ ಮೇಲೆಯೇ ಬಳಿಯಬೇಕು, ಡಬ್ಬವನ್ನು ಒಲೆಯಿಂದ ದೂರ ಒಯ್ಯಬಾರದು. ತಾತನ ಕಾಲದ ಒಂದು ದಬ್ಬೆಯೂ ಅದರಲ್ಲಿ ಈಗ ಉಳಿದಿಲ್ಲ. ಆದರೂ ಎಲ್ಲರಿಗೂ ಅದು ತಾತನ ಹರಿಗೋಲೇ.

"ಮೀನೇ ಹಿಡಿಯಲ್ಲ ಅಂದ್ಮೇಲೆ ಇದ್ಯಾಕೆ ಮಾವ?" ಎಂದೂ ಕೇಳಿದ್ದೆ.

"ಕೆರೆ ಸರಿಹೋದ ದಿನ ಹರಿಗೋಲಿಲ್ಲ ಅನ್ಬಾರ್ದಲ್ಲಪ್ಪ" ಅಂದರು.

ಕೆರೆ ಸರಿಹೋಗುತ್ತದೆಂದು ಅವರು ನಂಬಿದ್ದಾರೋ ಇಲ್ಲವೋ, ಅದನ್ನು ನಾನು ಕೇಳಿಲ್ಲ.

ಆ ಭಾನುವಾರ, ಅವರು ಏರಿ ಹತ್ತಿ ಹೋದ ಮೇಲೆ ನಾನು ಗಾಳದ ಕೋಲು ಹಿಡಿದು ಸುಮ್ಮನೆ ನಿಂತಿದ್ದೆ. ಮಾವ ಎಲ್ಲ ಕೇಳಿಸಿಕೊಂಡಿದ್ದರು. ಏನೂ ಹೇಳಲಿಲ್ಲ. ಕೊನೆಗೆ, "ಬಾ ಇಲ್ಲಿ, ಬಿಸಿ ಆರೋದ್ರೊಳಗೆ ಈ ಕಡೆ ಬಳಿ" ಎಂದು ಬ್ರಷ್ ಕೊಟ್ಟರು.

ಈ ವರ್ಷವೂ ಮಾಗಿ ಬಂತು. ನಾನು ಗಾಳ ಎಸೆದಿಲ್ಲ. ಮೂರು ಜಿಗ್ ಮೇಜಿನ ಡ್ರಾಯರಿನಲ್ಲಿವೆ, ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಜನ್ನನ ಲೆಕ್ಕದಲ್ಲಿ ಅಷ್ಟೂ ಸಂಕಲ್ಪವೇ ಇರಬೇಕು. ಹಿಂದಿನ ಭಾನುವಾರ ಹರಿಗೋಲಿಗೆ ಡಾಂಬರು ಬಳಿದು ಮುಗಿಸಿದೆವು. ನಾಳೆ ನೀರಿಗಿಳಿಸಬೇಕು. ನೀರು ಕಡಿಮೆಯಿರುವ ಈ ದಿನಗಳಲ್ಲಿ ಮುಳುಗಿದ ಜಾಲಿಗಳ ನೆತ್ತಿ ಹೊರಗೆ ಕಾಣುತ್ತಿದೆ. ಅಲ್ಲಿಗೆ ಹೋದರೆ ನನ್ನ ಹದಿನಾಲ್ಕರಲ್ಲಿ ಕೆಲವಾದರೂ ಸಿಗಬಹುದು ಎಂದಿದ್ದಾರೆ ಮಾವ.